ಇಬ್ಬರು ಫೈಟರ್, ಒಬ್ಬ ಮಂಕು

ಆಗೋದಿಲ್ಲ ಎಂದು ಮೊದಲು ಹೇಳಿದವರು ನನ್ನ ಸೋದರಮಾವ ವೆಂಕಟರಾಯಪ್ಪ. ಚಿಂತಾಮಣಿಯ ಟೊಮ್ಯಾಟೊ ಮಂಡಿಯಲ್ಲಿ ಹರಾಜು ಕೂಗುವುದು ಅವರ ಕೆಲಸ. ಮನೆಯೊಳಗೆ ಮಾತಾಡುವಾಗಲೂ ಮಂಡಿಯಲ್ಲಿ ನಿಂತ ಹಾಗೆಯೇ ಕೂಗುತ್ತಿದ್ದರು. ಬಿ.ಎ. ಎರಡನೇ ವರ್ಷದ ಇಂಗ್ಲಿಷ್ ಪೇಪರಿನಲ್ಲಿ ನಾನು ಎರಡನೇ ಸಲ ಫೇಲಾದ ದಿನ ನಮ್ಮ ಜಗಲಿಯ ಮೇಲೆ ಕೂತು, ಇಡೀ ಬೀದಿಗೆ ಕೇಳುವ ಹಾಗೆ, "ಈ ಸನ್ನಾಸಿಕಿ ಡಿಗ್ರೀನಾ?" ಎಂದರು.

ನಮ್ಮದು ಎರಡು ಭಾಷೆಯ ಮನೆ. ಮಾತು ಕನ್ನಡದಲ್ಲಿ, ಬೈಗುಳ ತೆಲುಗಿನಲ್ಲಿ. ತೆಲುಗಿನವರ ಬಾಯಲ್ಲಿ ಸನ್ನಾಸಿ ಎಂದರೆ ಕಾವಿ ಉಟ್ಟವನಲ್ಲ. ಕೈಲಾಗದವನು, ದಂಡಪಿಂಡ.

"ಅಕ್ಕಾ, ನಮ್ಮ ವಂಶದಲ್ಲಿ ಎಸ್ಸೆಸ್ಸೆಲ್ಸಿ ದಾಟಿದೋರೇ ಇಲ್ಲ. ಇವ್ನು ಡಿಗ್ರಿ ತಗೊಂತಾನಂತೆ. ಇನ್ನೊಂದ್ ಸಲ ನೋಡ್ತೀನಿ. ಅದೂ ಹೋದ್ರೆ ಮಂಡಿಗೆ ಕಳಿಸಿಬಿಡು. ಕೂಗಕ್ಕೆ ಗಂಟಲಾದ್ರೂ ಐತೆ ಇವ್ನಿಗೆ" ಎಂದು ಅಮ್ಮನಿಗೆ ಹೇಳಿದರು.

ಅಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಸುಲಿಯುತ್ತಲೇ ಇದ್ದಳು. ನನಗೆ ಉಳಿದ ಪೇಪರುಗಳೆಲ್ಲ ಆಗಿದ್ದವು. ಇತಿಹಾಸದಲ್ಲಿ ಕಾಲೇಜಿಗೇ ಎರಡನೆಯವನು. ಇಂಗ್ಲಿಷ್ ಒಂದೇ ಅಡ್ಡ ನಿಂತಿತ್ತು, ಅದಕ್ಕೂ ಇನ್ನು ಒಂದೇ ಸಲದ ಅವಕಾಶ. ಮಾವ ಕೊಟ್ಟ ಮಾತಿಗೆ ತಪ್ಪುವವರಲ್ಲ.

ಕಳೆದ ತಿಂಗಳು ಮುರುಗಮಲ್ಲದಿಂದ ಬಾಷಾ ಫೋನು ಮಾಡಿದ್ದ. ಅಂದಿನ ನನ್ನ ಸಹಪಾಠಿ, ಈಗ ದರ್ಗಾದ ಹತ್ತಿರ ಅವರಪ್ಪನ ಹೂವಿನ ಅಂಗಡಿ ನೋಡಿಕೊಳ್ಳುತ್ತಾನೆ. "ದೆನ್ ಮೇಡಂ ಹೋಗ್ಬಿಟ್ರಂತೆ ಕಣೋ. ಗೌರಿಬಿದನೂರಿನ ಕಡೆಯೋರು ದರ್ಗಾಕ್ಕೆ ಬಂದಿದ್ರು, ಅವ್ರು ಅಂದ್ರು. ಹೋಗಿ ವರ್ಷದ ಮೇಲಾಯ್ತಂತೆ" ಎಂದ. ಫೋನಿಡುವ ಮೊದಲು, "ನನ್ ಗೈಡು ಅವ್ರತ್ರಾನೇ ಉಳ್ಕೊಂತು ನೋಡು" ಎಂದು ನಕ್ಕ.

ಆ ಗೈಡಿನ ಕಥೆ ಹೇಳುವ ಮೊದಲು ಮೇಡಂ ವಿಷಯ ಹೇಳಬೇಕು.

ಅವರು ನಮ್ಮ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಗೌರಿಬಿದನೂರಿನಿಂದ ಚಿಕ್ಕಬಳ್ಳಾಪುರಕ್ಕೆ ಒಂದು ಬಸ್ಸು, ಅಲ್ಲಿಂದ ಚಿಂತಾಮಣಿಗೆ ಇನ್ನೊಂದು. ನಲವತ್ತರ ಆಸುಪಾಸು. ವಾಚಿನ ಮುಖವನ್ನು ಮಣಿಕಟ್ಟಿನ ಒಳಮಗ್ಗುಲಿಗೆ ಕಟ್ಟುತ್ತಿದ್ದರು. ಸೀಮೆಸುಣ್ಣವನ್ನು ಪೇಪರಿನ ತುಂಡಿನಲ್ಲಿ ಸುತ್ತಿ ಹಿಡಿಯುತ್ತಿದ್ದರು, ಬೆರಳು ಒಡೆಯುತ್ತದೆ ಅಂತ. ಯಾರನ್ನೂ ಹೊಗಳಿದ್ದು ನೋಡಿಲ್ಲ. ವಿದ್ಯಾರ್ಥಿ ಎದ್ದು ಒಂದು ವಾಕ್ಯ ಹೇಳಿ ನಿಂತರೆ ಸರಿ ಎನ್ನುತ್ತಿರಲಿಲ್ಲ, ತಪ್ಪು ಎನ್ನುತ್ತಿರಲಿಲ್ಲ. "ದೆನ್?" ಎಂದು ಕಾಯುತ್ತಿದ್ದರು. ಎಷ್ಟು ಹೊತ್ತಾದರೂ ಕಾಯುತ್ತಿದ್ದರು. ಆ ಕಾಯುವಿಕೆಗೆ ಹೆದರಿ ಮುಂದಿನ ಬೆಂಚಿನವರೂ ಹಿಂದಕ್ಕೆ ಹೋಗಿ ಕೂತರು. ಹೀಗೆ ದೆನ್ ಮೇಡಂ ಎಂಬ ಹೆಸರು ಬಿತ್ತು. ಅವರಿಗೂ ಗೊತ್ತಿತ್ತು.

ಫೇಲಾದವರಿಗೆ ಶನಿವಾರ ಮಧ್ಯಾಹ್ನ ಅವರೇ ಕ್ಲಾಸು ತೆಗೆದುಕೊಂಡರು. ಅದಕ್ಕೆ ಅವರಿಗೆ ಸಂಬಳವಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಮೊದಲ ಶನಿವಾರ ನಾವು ಹನ್ನೊಂದು ಜನ. ಮೇಡಂ ಚೀಲದಿಂದ ರಟ್ಟು ಕಿತ್ತುಹೋದ ಒಂದು ದಪ್ಪ ಇಂಗ್ಲಿಷ್ ಪುಸ್ತಕವನ್ನೂ ಬಟ್ಟೆಯ ಪುಟ್ಟ ಗಂಟೊಂದನ್ನೂ ತೆಗೆದು ಮೇಜಿನ ಮೇಲಿಟ್ಟು, "ಇವತ್ತಿಂದ ಒಂದು ಆಟ ಆಡೋಣ" ಎಂದರು. ಮುಂದಿನ ಶನಿವಾರಕ್ಕೆ ಎಂಟು ಜನ ಬರಲಿಲ್ಲ. ಆಟ ಆಡಿ ಪಾಸಾಗುವುದುಂಟೇ ಎಂಬುದು ಅವರ ನ್ಯಾಯ. ಉಳಿದವರು ಮೂವರು. ಶಿಡ್ಲಘಟ್ಟದ ನಾಗರಾಜ, ಮನೆಯವರು ರೇಷ್ಮೆ ನೂಲು ತೆಗೆಯುವವರು, ಇವನು ಕಬಡ್ಡಿಯವನು. ಬಾಷಾ. ಮತ್ತು ನಾನು. ನಾನು ಉಳಿದದ್ದು ಶ್ರದ್ಧೆಯಿಂದಲ್ಲ, ನಮ್ಮೂರಿನ ಬಸ್ಸು ಇದ್ದದ್ದು ನಾಲ್ಕೂವರೆಗೆ.

ಆಟಕ್ಕೆ ಹಾಸು ಇಲ್ಲ, ಕಾಯಿ ಇಲ್ಲ. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಒಂದೊಂದು ಪಾತ್ರ ಹಿಡಿದು, ತಮ್ಮವನು ಈಗ ಏನು ಮಾಡುತ್ತಾನೆ ಎಂದು ಹೇಳಬೇಕು. ಕಾಡು, ಕೋಟೆ, ರಾಕ್ಷಸರು, ಮಾಟಗಾರರು, ನಮ್ಮ ಅಜ್ಜಿಯರ ಕಥೆಯಲ್ಲಿ ಬರುವಂಥದ್ದೆಲ್ಲ ಇತ್ತು. ಹೇಳಿದ ಕೆಲಸ ಆಗುತ್ತದೋ ಇಲ್ಲವೋ ಎಂಬುದಕ್ಕೆ ಇಪ್ಪತ್ತು ಮುಖದ ದಾಳ ಹಾಕಬೇಕೆಂದು ಪುಸ್ತಕದಲ್ಲಿತ್ತಂತೆ. ಅದು ಚಿಂತಾಮಣಿಯಲ್ಲಿ ಎಲ್ಲಿ ಸಿಗಬೇಕು? ಮೇಡಂ ಹೌಸಿ ಆಟದ ಬಿಲ್ಲೆಗಳಲ್ಲಿ ಒಂದರಿಂದ ಇಪ್ಪತ್ತರವರೆಗಿನವನ್ನು ಆ ಗಂಟಿನಲ್ಲಿ ಹಾಕಿಟ್ಟಿದ್ದರು. ಕೈ ಹಾಕಿ ಒಂದು ತೆಗೆಯುವುದು, ದೊಡ್ಡ ಸಂಖ್ಯೆ ಬಂದರೆ ಕೆಲಸ ಆಯಿತು. ಇದಕ್ಕೆ ಅವರದೇ ಒಂದು ನಿಯಮ ಸೇರಿಸಿದ್ದರು. ಇಂಗ್ಲಿಷಿನಲ್ಲಿ ಹೇಳಿದ್ದು ಮಾತ್ರ ನಡೆಯುತ್ತದೆ. ಕನ್ನಡದಲ್ಲಿ ಹೇಳಿದರೆ ನಿನ್ನವನು ಸುಮ್ಮನೆ ನಿಂತಿರುತ್ತಾನೆ, ಏಟು ಬಿದ್ದರೂ ನಿಂತಿರುತ್ತಾನೆ.

ನಾಗರಾಜ ಮೊದಲೇ ಫೈಟರ್ ಆದ. ಫೈಟರ್ ಎಂದರೆ ನಮಗೆಲ್ಲ ಗೊತ್ತಿತ್ತು, ಸಿನಿಮಾದಲ್ಲಿ ಗಾಜು ಒಡೆದುಕೊಂಡು ಬೀಳುವವರು. ಬಾಷಾನೂ ಫೈಟರ್. ನಾನೂ ಕೈ ಎತ್ತಿದೆ.

"ಮೂರೂ ಜನ ಕತ್ತಿ ಹಿಡಿದ್ರೆ ಕಥೆ ನಡಿಯಲ್ಲ. ನೀನು ಮಂಕ್" ಎಂದರು ಮೇಡಂ.

"ಅವ್ನು ಮಂಕು ಅಂತ ನಿಮ್ಗೆಂಗ್ ಗೊತ್ತಾಯ್ತು ಮೇಡಂ?" ಬಾಷಾ ಕೇಳಿದ.

"ಮಂಕು ಅಲ್ಲಪ್ಪ, ಮಂಕ್. ಮಠದಲ್ಲಿರೋ ಸನ್ಯಾಸಿ."

ನಾಗರಾಜ ಡೆಸ್ಕಿನ ಮೇಲೆ ತಲೆಯಿಟ್ಟು ನಕ್ಕ. "ಕನ್ನಡದಲ್ಲಿ ಮಂಕು, ತೆಲುಗಲ್ಲಿ ಸನ್ನಾಸಿ! ಎರಡು ಭಾಷೇಲೂ ಪಾಸು ಕಣೋ ನೀನು!"

ಮೇಡಂ ಕೂಡ ಆಂಧ್ರ ಗಡಿಯ ಕಡೆಯವರೇ, ತೆಲುಗು ಬರುತ್ತಿತ್ತು. ಆದರೂ ನಗಲಿಲ್ಲ. ಆ ದಿನದಿಂದ ನನ್ನನ್ನು ಮಂಕ್ ಎಂದೇ ಕರೆದರು. ನಿಜವಾದ ಹೆಸರು ಅವರಿಗೆ ತಿಳಿದಿತ್ತೋ ಇಲ್ಲವೋ ಹೇಳಲಾರೆ.

ಮೊದಲ ಆಟದಲ್ಲೇ ನಾನು ಮಾಡಿದ ತಪ್ಪು ಇವತ್ತಿಗೂ ಬಾಷಾನಿಗೆ ನಗೆಯ ವಸ್ತು. ಒಂದು ಸೇತುವೆ. ಅದರ ಮೇಲೆ ಆರು ಜನ ಕಳ್ಳರು. ನಾಗರಾಜನ ಫೈಟರ್ ಕತ್ತಿ ಎಳೆದ, ಬಾಷಾನ ಫೈಟರ್ ಕೊಡಲಿ ಬೀಸಿದ. ನನ್ನ ಸರದಿ ಬಂತು. ಸನ್ಯಾಸಿ ಎಂದ ಮೇಲೆ ಏನು ಮಾಡುತ್ತಾನೆ? ಎದ್ದು ನಿಂತು, ಗೊತ್ತಿದ್ದ ಇಂಗ್ಲಿಷನ್ನೆಲ್ಲ ಕೂಡಿಸಿ, "ಹಿ ಬೆಗ್ಸ್" ಎಂದೆ. ಭಿಕ್ಷೆ ಬೇಡುತ್ತಾನೆ.

ಇಬ್ಬರೂ ಬಿದ್ದು ಬಿದ್ದು ನಕ್ಕರು. "ಕಳ್ಳರತ್ರ ಭಿಕ್ಷೆ ಕೇಳ್ತಾನಂತೆ ಮೇಡಂ!"

ಮೇಡಂ ಗಂಟನ್ನು ನನ್ನ ಮುಂದೆ ಹಿಡಿದರು. ಬಿಲ್ಲೆ ತೆಗೆದೆ. ಹದಿನೆಂಟು. ಅವರು ನಿಧಾನವಾಗಿ, ನಮಗೆ ತಿಳಿಯುವಂಥ ಇಂಗ್ಲಿಷಿನಲ್ಲಿ ಹೇಳಿದರು: ಕಳ್ಳರಲ್ಲಿ ವಯಸ್ಸಾದವನೊಬ್ಬನಿಗೆ ನಾಚಿಕೆಯಾಗುತ್ತದೆ. ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ಕೊಡುತ್ತಾನೆ, ದಾರಿ ಬಿಡುತ್ತಾನೆ. ಮಂಕ್ ಸೇತುವೆ ದಾಟಿ ಆ ಕಡೆ ಕೂತು ರೊಟ್ಟಿ ತಿನ್ನುತ್ತಿದ್ದಾನೆ. ಫೈಟರ್‌ಗಳಿಗೆ ಗಾಯವಾಗಿದೆ. "ದೆನ್?"

ನಾಗರಾಜನಿಗೆ ಸಿಟ್ಟು ಬಂತು. "ಇದು ಮೋಸ ಮೇಡಂ. ಫೈಟರ್‌ಗಿಂತ ಅವ್ನು ದೊಡ್ಡೋನಾ?" ಎಂದು ಕನ್ನಡದಲ್ಲಿ ಕೇಳಿ ಒಂದು ಸರದಿ ಕಳೆದುಕೊಂಡ.

ಆದರೆ ಪ್ರಶ್ನೆಯನ್ನು ಮೇಡಂ ಬಿಡಲಿಲ್ಲ. ಮುಂದಿನ ಶನಿವಾರ ಬೋರ್ಡಿನ ಮಧ್ಯೆ ಗೆರೆ ಎಳೆದು, ಒಂದು ಕಡೆ ಫೈಟರ್, ಇನ್ನೊಂದು ಕಡೆ ಮಂಕ್ ಎಂದು ಬರೆದರು. ಅವರು ಯಾರ ಪಕ್ಷವನ್ನೂ ವಹಿಸಲಿಲ್ಲ. ಆ ದಿನ ವಿವರಣೆಯನ್ನೆಲ್ಲ ಕನ್ನಡದಲ್ಲೇ ಕೊಟ್ಟರು.

"ಎದುರಾಬದುರಾ ನಿಂತು ಹೊಡೆದಾಡಿದ್ರೆ ಫೈಟರ್ರೇ ಗೆಲ್ಲೋದು. ಸುಳ್ಳು ಹೇಳಲ್ಲ. ಅವನ ಏಟು ದೊಡ್ಡದು, ಮೈಮೇಲೆ ಕಬ್ಬಿಣದ ಕವಚ ಇರುತ್ತೆ, ಹತ್ತು ಏಟು ತಿಂದ್ರೂ ನಿಂತಿರ್ತಾನೆ. ಮಂಕ್ ನಾಲ್ಕೈದು ಏಟಿಗೇ ಬೀಳ್ತಾನೆ."

"ಮತ್ತೆ ಇವ್ನ್ಯಾಕ್ ಬೇಕು?" ಎಂದ ನಾಗರಾಜ.

"ಎಲ್ಲಾ ಕಡೆ ಎದುರಾಬದುರಾ ನಿಲ್ಲೋಕೆ ಜಾಗ ಇರುತ್ತೇನಪ್ಪ?"

ಆಮೇಲೆ ಮಂಕ್ ಕಡೆಯದನ್ನು ಬರೆದರು. ಅವನಿಗೆ ಆಯುಧ ಬೇಡ, ಅಂಗೈಯೇ ಆಯುಧ. ಫೈಟರ್ ಒಂದು ಸಲ ಕತ್ತಿ ಬೀಸುವಷ್ಟರಲ್ಲಿ ಇವನು ಎರಡು ಸಲ ಹೊಡೆದಿರುತ್ತಾನೆ. ಕವಚವಿಲ್ಲದ್ದರಿಂದ ಓಟ ಹೆಚ್ಚು. ಬಂದ ಬಾಣವನ್ನು ಕೈಯಲ್ಲಿ ಹಿಡಿಯುತ್ತಾನೆ. ಗೋಡೆಗೆ ಕೈ ಸವರಿಕೊಂಡೇ ಎತ್ತರದಿಂದ ಇಳಿದುಬಿಡುತ್ತಾನೆ. ಪಳಗಿದ ಮೇಲೆ ರೋಗ ತಟ್ಟುವುದಿಲ್ಲ, ವಿಷ ಏರುವುದಿಲ್ಲ. ಮಾಟಗಾರ ಹೆದರಿಸಿದರೆ ಫೈಟರ್ ಕತ್ತಿ ಬಿಟ್ಟು ಓಡಬಹುದು, ಮಂಕ್ ಓಡುವುದು ಕಡಿಮೆ. ಇಷ್ಟು ಬರೆದು, "ಇದರ ಮುಂದಿನ ಎರಡು ಹಾಳೆ ಪುಸ್ತಕದಲ್ಲಿ ಹರಿದುಹೋಗಿದೆ. ಇನ್ನೂ ಏನೇನು ಬರುತ್ತೋ ನನಗೂ ಗೊತ್ತಿಲ್ಲ" ಎಂದರು.

ಪುಸ್ತಕ ಅವರ ತಮ್ಮನದು. ಅವನೂ ಅವನ ಸ್ನೇಹಿತರೂ ಇಂಜಿನಿಯರಿಂಗ್ ಓದುವಾಗ ರಜೆಯಲ್ಲಿ ಗೌರಿಬಿದನೂರಿನ ಮನೆಯಲ್ಲಿ ಆಡುತ್ತಿದ್ದರಂತೆ. ಯಾರಿಗೂ ಕಥೆ ನಡೆಸಲು ಇಷ್ಟವಿಲ್ಲದೆ ಅಕ್ಕನನ್ನು ಕೂರಿಸಿದರಂತೆ. ಇದಕ್ಕಿಂತ ಹೆಚ್ಚು ಅವರು ಹೇಳಲಿಲ್ಲ. ಬಾಷಾ ಒಮ್ಮೆ, "ನೀವು ಯಾವತ್ತೂ ಪಾತ್ರ ತಗೊಂಡಿಲ್ವಾ ಮೇಡಂ? ತಗೊಂಡ್ರೆ ಫೈಟರ್ರಾ, ಮಂಕಾ?" ಎಂದು ಕೇಳಿದ್ದ.

"ನನ್ನ ಪಾತ್ರ ಮಿಕ್ಕಿದ್ದೆಲ್ಲಾ" ಎಂದಿದ್ದರು. ಸೇತುವೆ, ಕಳ್ಳ, ಮಳೆ, ಕೋಟೆಯ ಬಾಗಿಲು.

ಅವರಿಗೆ ಸಿಟ್ಟು ಬರುತ್ತಿದ್ದದ್ದು ಉಚ್ಚಾರಕ್ಕಲ್ಲ. ಕತ್ತಿಗೆ ನಾವು 'ಸ್ವಾರ್ಡ್' ಎಂದರೆ, "ಅದರೊಳಗಿನ ಡಬ್ಲ್ಯೂ ಸತ್ತಿದೆ, ಎಬ್ಬಿಸಬೇಡ" ಎಂದು ಸುಮ್ಮನಾಗುತ್ತಿದ್ದರು. ಸಿಟ್ಟು ಬರುತ್ತಿದ್ದದ್ದು ಬಾಯಿಪಾಠಕ್ಕೆ. ನಾಗರಾಜ ಒಮ್ಮೆ ತನ್ನ ಫೈಟರ್ ಬಾಯಲ್ಲಿ ಗೈಡಿನ ಪ್ರಬಂಧದ ಮೊದಲ ಸಾಲನ್ನೇ ಹೇಳಿಸಿದ. ಮೇಡಂ ಸೀಮೆಸುಣ್ಣ ಕೆಳಗಿಟ್ಟು ಕಿಟಕಿಯ ಹತ್ತಿರ ಹೋಗಿ ನಿಂತರು. ಬಹಳ ಹೊತ್ತು ತಿರುಗಲಿಲ್ಲ.

ಮನೆಯಲ್ಲಿ ಈ ಆಟದ ವಿಷಯ ಗೊತ್ತಿದ್ದದ್ದು ಅಮ್ಮನಿಗೆ ಮಾತ್ರ. ಶನಿವಾರ ಸಂಜೆ ಒಲೆಯ ಮುಂದೆ ಕೂತು, "ನಿನ್ ಸನ್ಯಾಸಿ ಇವತ್ತೆಲ್ಲಿಗೆ ಬಂದ?" ಎಂದು ಕೇಳುತ್ತಿದ್ದಳು. ನಾನು ಹೇಳುತ್ತಿದ್ದೆ. ಅವನು ಉಂಡನೇ ಇಲ್ಲವೇ ಎಂಬುದೇ ಅವಳಿಗೆ ಮುಖ್ಯ. ಒಂದು ವಾರ ನನ್ನವನನ್ನು ಗುಹೆಯೊಳಗೆ ಸಿಕ್ಕಿಸಿ ಮೇಡಂ ಆಟ ನಿಲ್ಲಿಸಿದ್ದರು. "ಆ ಯಮ್ಮಂಗೆ ಕರುಣೆ ಇಲ್ವಾ? ಏಳು ದಿನ ಒಳಗೇ ಇರ್ಬೇಕಾ?" ಎಂದಳು ಅಮ್ಮ.

ಪರೀಕ್ಷೆಗೆ ಮೂರು ವಾರ ಇದ್ದಾಗ ಕೋಟೆಯ ದಿನ ಬಂತು. ಕಾವಲುಗಾರರು ಬಾಗಿಲಲ್ಲಿ ನಿಲ್ಲಿಸಿ, ಆಯುಧ, ಕವಚ ಎಲ್ಲ ಬಿಚ್ಚಿಟ್ಟರೆ ಮಾತ್ರ ಒಳಗೆ ಎಂದರು. ಫೈಟರ್‌ಗಳು ಬೈಯುತ್ತಾ ಬಿಚ್ಚಿಟ್ಟರು. ನನ್ನವನ ಹತ್ತಿರ ಬಿಚ್ಚಲು ಏನೂ ಇರಲಿಲ್ಲ. ಒಳಗೆ ಹೋದ ಕೂಡಲೇ ಜಗಳ. ನಾಗರಾಜನ ಫೈಟರ್ ಬರಿಗೈಯಲ್ಲಿ ಏನು ಮಾಡಬೇಕೆಂದು ತೋಚದೆ ಕಂಬ ತಬ್ಬಿ ನಿಂತ. ನನ್ನವನು ಹೊಡೆದ, ಹಾರಿದ, ಒಬ್ಬನ ಉಸಿರು ಕಟ್ಟಿಸಿದ. ನಾನು ಒಂದೊಂದಕ್ಕೂ ಒಂದೊಂದು ವಾಕ್ಯ ಹೇಳಿದೆ. ಅವತ್ತು ಎಷ್ಟು ಹೇಳಿದೆನೋ ಲೆಕ್ಕವಿಲ್ಲ. ನಾಲ್ಕೂವರೆಯ ಬಸ್ಸು ಹೋಗಿಬಿಟ್ಟಿತ್ತು.

ಆಟ ಮುಗಿದಾಗ ಮೇಡಂ ಕೈ ಚಾಚಿ, "ಈಗ ಗೈಡ್ ಕೊಡಿ" ಎಂದರು. ನೋಡಲು ಕೇಳುತ್ತಿದ್ದಾರೆಂದುಕೊಂಡು ಮೂವರೂ ಕೊಟ್ಟೆವು. ಚೀಲದಲ್ಲಿ ಹಾಕಿಕೊಂಡು ಹೊರಟುಹೋದರು.

ಸೋಮವಾರ ನಾನು ಸ್ಟಾಫ್ ರೂಮಿಗೆ ಹೋದೆ. ನನ್ನ ಗೈಡು ನನ್ನದೂ ಅಲ್ಲ, ಸೀನಿಯರ್ ಒಬ್ಬನದು.

"ಮೇಡಂ, ಗೈಡ್ ಬೇಕಿತ್ತು."

"ಊರಲ್ಲಿದೆ."

"ಈ ಸಲ ಫೇಲಾದ್ರೆ ನಮ್ಮ ಮಾವ ಮಂಡಿಗೆ ಹಾಕ್ತಾರೆ ಮೇಡಂ. ಮುಗೀತು ನನ್ನ ಕಥೆ."

ಅವರು ಊಟದ ಡಬ್ಬಿ ತೊಳೆದು ಒರೆಸುತ್ತಿದ್ದರು. "ಎರಡು ಸಲಾನೂ ಗೈಡ್ ಇತ್ತಲ್ಲಪ್ಪ ನಿನ್ನ ಹತ್ರ. ಏನಾಯ್ತು?"

ನನಗೆ ಸಿಟ್ಟು ಬಂತು. ಇನ್ನೊಬ್ಬರ ಬದುಕಿನಲ್ಲಿ ಹೀಗೆ ಕೈ ಹಾಕಲು ಇವರ್ಯಾರು ಎನ್ನಿಸಿತು. ಬಾಗಿಲನ್ನು ಸ್ವಲ್ಪ ಜೋರಾಗಿಯೇ ಎಳೆದುಕೊಂಡು ಬಂದೆ. ಅವರ ಜೊತೆ ನನ್ನ ಕೊನೆಯ ಮಾತು ಅದೇ. ನಂತರದ ಶನಿವಾರಗಳಿಗೆ ನಾನು ಹೋಗಲಿಲ್ಲ.

ಪರೀಕ್ಷೆಯಲ್ಲಿ ಪ್ರಬಂಧಕ್ಕೆ ಬಂದದ್ದು ಒಂದು ಪ್ರಯಾಣದ ಬಗ್ಗೆ. ಗೈಡಿನಲ್ಲಿ ಒಂದು ಪ್ರಯಾಣವಿತ್ತು, ಬೆಟ್ಟ, ಸೂರ್ಯೋದಯ, ಉಪಮೆಗಳು. ಹಿಂದಿನ ಎರಡು ಸಲ ಅಂಥವನ್ನೇ ಬರೆಯಲು ಹೋಗಿ ನಡುವೆ ಮರೆತು, ಮರೆತಲ್ಲಿ ಖಾಲಿ ಬಿಟ್ಟು ಬಂದಿದ್ದೆ. ಈ ಸಲ ಮರೆಯಲು ಏನೂ ಇರಲಿಲ್ಲ. ನಮ್ಮೂರಿನಿಂದ ಚಿಂತಾಮಣಿಗೆ ಬರುವ ಬಸ್ಸನ್ನು ಬರೆದೆ. ಬಸ್ಸು ಹಳೆಯದು. ಡ್ರೈವರಿಗೆ ಸಿಟ್ಟು. ನನ್ನ ಪಕ್ಕದಲ್ಲಿ ಕುರಿ ಕೂತಿದೆ. ಕುರಿಗೆ ಟಿಕೆಟ್ ಇಲ್ಲ. ಕಂಡಕ್ಟರ್ ಕುರಿಯನ್ನು ನೋಡುತ್ತಾನೆ, ಕುರಿ ಕಂಡಕ್ಟರನನ್ನು ನೋಡುತ್ತದೆ. ಹೀಗೆ ಒಂದೊಂದೇ ಸಾಲು. ಎರಡೂವರೆ ಪುಟವಾಯಿತು. ಅಷ್ಟು ಉದ್ದದ ಇಂಗ್ಲಿಷನ್ನು ನಾನು ಅದಕ್ಕೆ ಮೊದಲು ಬರೆದಿರಲಿಲ್ಲ.

ಪಾಸಾದೆ. ಬೇಕಾದ್ದಕ್ಕಿಂತ ನಾಲ್ಕು ಅಂಕ ಹೆಚ್ಚು.

ಇಲ್ಲಿಗೆ ನಿಲ್ಲಿಸಿದರೆ ಮೇಡಂ ಮಾಡಿದ್ದೇ ಸರಿ ಎಂದಾಗುತ್ತದೆ. ಹಾಗಾಗಲಿಲ್ಲ. ನಾಗರಾಜ ಗೈಡು ಹೋದ ಮರುದಿನವೇ ಹೊಸದು ತಂದು, ಕಬಡ್ಡಿ ಬಿಟ್ಟು ಮೂರು ವಾರ ಉರು ಹೊಡೆದು, ನನಗಿಂತ ಹನ್ನೊಂದು ಅಂಕ ಹೆಚ್ಚು ತೆಗೆದ. ಬಾಷಾ ಅವರನ್ನು ನಂಬಿ ಗೈಡಿಲ್ಲದೆ ಬರೆದು ಫೇಲಾದ, ಮತ್ತೆ ಪರೀಕ್ಷೆಗೆ ಕೂರಲಿಲ್ಲ. ಅವನು ಮೇಡಂ ಬಗ್ಗೆ ಕೆಟ್ಟ ಮಾತಾಡಿದ್ದು ನಾನು ಕೇಳಿಲ್ಲ. ಮೊನ್ನೆ ಫೋನಿನಲ್ಲಿ ಕೇಳಿಯೇಬಿಟ್ಟೆ, ನಿನಗೆ ಸಿಟ್ಟಿಲ್ಲವೇ ಎಂದು. "ಇತ್ತು ಕಣೋ. ಆದ್ರೆ ಬಿಹಾರ್ ಕಡೆಯೋರು, ಮದ್ರಾಸ್ ಕಡೆಯೋರು ಬರ್ತಾರೆ ಅಂಗಡಿಗೆ. ಹರಕೋ ಮುರಕೋ ಇಂಗ್ಲೀಷಲ್ಲಿ ಮಾತಾಡ್ಸಿ ವ್ಯಾಪಾರ ಮಾಡ್ತೀನಿ. ನಮ್ ಬೀದೀಲಿ ನಾನೊಬ್ನೇ" ಎಂದ. ಇದನ್ನು ಯಾವ ಕಡೆಗೆ ಬರೆದುಕೊಳ್ಳಬೇಕೋ ನನಗೆ ತಿಳಿಯದು. ಡಿಗ್ರಿ ಇದ್ದಿದ್ದರೆ ಅವನು ಬೇರೆ ಎಲ್ಲೋ ಇರುತ್ತಿದ್ದ.

ಫಲಿತಾಂಶ ಬರುವ ಹೊತ್ತಿಗೆ ಮೇಡಂ ಕಾಲೇಜಿನಲ್ಲಿರಲಿಲ್ಲ. ಅತಿಥಿ ಉಪನ್ಯಾಸಕರನ್ನು ವರ್ಷ ವರ್ಷಕ್ಕೆ ತೆಗೆದುಕೊಳ್ಳುತ್ತಿದ್ದರು, ಮುಂದಿನ ವರ್ಷ ಅವರನ್ನು ತೆಗೆದುಕೊಳ್ಳಲಿಲ್ಲ. ಪಾಸಾದೆ ಎಂದು ತಿಳಿಸಲು ವಿಳಾಸವಿರಲಿಲ್ಲ. ಆಫೀಸಿನಲ್ಲಿ ಕೇಳಿದ್ದರೆ ಸಿಗುತ್ತಿತ್ತು. ನಾನು ಕೇಳಲಿಲ್ಲ. ಬಾಗಿಲು ಎಳೆದುಕೊಂಡು ಬಂದದ್ದು ಒಂದು ಕಾರಣ, ಸೋಮಾರಿತನ ಇನ್ನೊಂದು. ಮಾವ ಮಾರ್ಕ್ಸ್ ಕಾರ್ಡನ್ನು ತಿರುಗಿಸಿ ನೋಡಿ, "ಹಿಂದ್ಗಡೆ ಏನೂ ಬರ್ದಿಲ್ವಲ್ಲ?" ಎಂದರು. ಮಂಡಿಯ ಮಾತನ್ನು ಮತ್ತೆ ಎತ್ತಲಿಲ್ಲ. ನಾನು ಈಗ ತಾಲ್ಲೂಕು ಕಚೇರಿಯೊಂದರಲ್ಲಿ ಗುಮಾಸ್ತ. ಬಂದ ಅರ್ಜಿಗಳಲ್ಲಿ ಬಾಯಿಪಾಠದ್ದು ಯಾವುದು, ಸ್ವಂತದ್ದು ಯಾವುದು ಎಂಬುದು ಎರಡನೇ ಸಾಲಿಗೇ ಗೊತ್ತಾಗುತ್ತದೆ.

ಪದವಿ ಪ್ರಮಾಣಪತ್ರ ಕಾಲೇಜಿಗೆ ಬಂದಿದೆ ಎಂದು ತಿಳಿದಾಗ ಅಮ್ಮ ತಾನೂ ಬರುತ್ತೇನೆ ಎಂದಳು. ಕಾಲೇಜಿನ ಗೇಟು ದಾಟಿದ್ದು ಅದೇ ಮೊದಲು. ಮದುವೆಗೆ ಉಡುವ ಸೀರೆ ಉಟ್ಟಿದ್ದಳು. ಆಫೀಸಿನವರು ರಿಜಿಸ್ಟರಿನಲ್ಲಿ ನನ್ನ ಸಹಿ ಹಾಕಿಸಿಕೊಂಡು, ಗಟ್ಟಿ ಕಾಗದದ ಆ ಹಾಳೆಯನ್ನು ಕಿಂಡಿಯಿಂದ ಕೊಟ್ಟರು. ನಾನು ಅದನ್ನು ಅಮ್ಮನ ಕೈಗೆ ಕೊಟ್ಟೆ. ಅವಳು ಕೈಯನ್ನು ಸೆರಗಿಗೆ ಎರಡು ಸಲ ಒರೆಸಿಕೊಂಡು ಹಿಡಿದಳು. ಓದಲು ಬಾರದು. ಮೇಲಿನಿಂದ ಕೆಳಗಿನವರೆಗೆ ಬೆರಳು ಆಡಿಸುತ್ತಾ ಹೋಗಿ, ಕೆಳಗಿದ್ದ ಸಹಿಯ ಹತ್ತಿರ ನಿಲ್ಲಿಸಿದಳು.

"ಇದು ಆ ಯಮ್ಮನ ರುಜುವೇನಪ್ಪಾ?"

"ಅಲ್ಲಮ್ಮಾ. ಯೂನಿವರ್ಸಿಟಿಯ ದೊಡ್ಡವರದ್ದು. ಕುಲಪತಿಗಳು ಅಂತಾರೆ."

ಅಮ್ಮ ಆ ಸಹಿಯನ್ನು ಇನ್ನೊಂದು ಸಲ ನೋಡಿದಳು.

"ಅವ್ರು ನಿಂಗೇನ್ ಹೇಳ್ಕೊಟ್ರು?"